ಪೆಂಬರ್ಟನ್ನನ ಡೀಸೆಲ್

ಮೂರನೆಯ ಶನಿವಾರವೂ ಸುಬ್ರಾಯನಿಗೆ ತಿರುವನಂತಪುರಕ್ಕೆ ಹೋಗಲಾಗಲಿಲ್ಲ. ಮದುವೆಯಾಗಿ ಇನ್ನೂ ಎಂಟು ತಿಂಗಳು. ಹೆಂಡತಿ ವಿನೋದಾ ಅಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಇವನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಇನ್ಸ್‌ಪೆಕ್ಟರ್. ಇಬ್ಬರದೂ ಊರು ಕಾಸರಗೋಡು.

ಅಡ್ಡ ಬಂದದ್ದು ಪೆಂಬರ್ಟನ್ ಎಂಬ ಇಂಗ್ಲಿಷ್ ಮುದುಕನ ಹಾಯಿದೋಣಿ. ಒಬ್ಬನೇ ಆಫ್ರಿಕಕ್ಕೆ ಹೊರಟವನು. ಗಾಳಿ ಬಿದ್ದುಹೋದಾಗ ಇರಲೆಂದು ದೋಣಿಗೊಂದು ಪುಟ್ಟ ಎಂಜಿನ್ನು. ಪರದೇಶಕ್ಕೆ ಹೋಗುವ ದೋಣಿಯೆಂದು ಕಸ್ಟಮ್ಸಿನವರು ಅದಕ್ಕೆ ಸುಂಕವಿಲ್ಲದೆ ಡೀಸೆಲ್ ತುಂಬಿಸಿ ಕೊಟ್ಟಿದ್ದರು. ದೋಣಿ ಬಂದರಿನಲ್ಲೇ ಕಟ್ಟಿದ್ದರೂ ಆ ಡೀಸೆಲ್ ದಿನಕ್ಕಿಷ್ಟು ಇಳಿಯುತ್ತಿತ್ತು. ಮುದುಕನೇ ಹೊರಗೆ ಮಾರುತ್ತಿದ್ದಾನೆಂದು ಮೇಲಧಿಕಾರಿಗೆ ಗುಮಾನಿ. “ಗೊತ್ತಾಗುವವರೆಗೆ ಆ ದೋಣಿಯೂ ಹೊರಡಬಾರದು, ನೀವೂ ರಜೆ ಕೇಳಬಾರದು” ಎಂದುಬಿಟ್ಟರು.

ಸುಬ್ರಾಯ ಏನು ಮಾಡಲು ಬಾಕಿಯಿಟ್ಟಿದ್ದ? ಟ್ಯಾಂಕಿನ ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ಹೊಡೆಸಿ ಬೀಗ ಜಡಿಸಿದ. ಒಂದು ಕೀಲಿಕೈ ತನ್ನ ಹತ್ತಿರ, ಇನ್ನೊಂದು ಮುದುಕನ ಹತ್ತಿರ. ಇರುಳಿಗೆ ಕಾವಲುಗಾರನನ್ನೂ ಹಾಕಿಸಿದ. ಆದರೂ ಅಳತೆಕೋಲು ಇಳಿಸಿದರೆ ನಿನ್ನೆಗಿಂತ ಎರಡು ಬೆರಳು ಕಡಿಮೆ!

“ಕೀಲಿಕೈ ಜೋಪಾನವಾಗಿದೆಯಷ್ಟೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಪೆಂಬರ್ಟನ್, “ಬಹಳ ಜೋಪಾನ. ನಿಮ್ಮ ಬೀಗವೂ ಸೊಗಸಾಗಿದೆ” ಎಂದ. ಸುಬ್ರಾಯ ಹಲ್ಲು ಕಚ್ಚಿಕೊಂಡ.

ಆ ಶನಿವಾರ ಬೆಳಗ್ಗೆ ತಿರುವನಂತಪುರದ ತಂಪಾನೂರಿನಲ್ಲಿ ಬಸ್ಸು ಹತ್ತಿದ ವಿನೋದಾ ಮಧ್ಯಾಹ್ನ ತಾನೇ ಕೊಚ್ಚಿಗೆ ಬಂದಿಳಿದಳು.

“ಎಂತ ಮಾರಾಯ್ರೆ, ಆ ದೋಣಿಯನ್ನೇ ಮದುವೆ ಆಗ್ಬಹುದಿತ್ತಲ್ಲ ನೀವು?”

“ನೀನೂ ಶುರು ಮಾಡ್ಬೇಡ ಮಾರಾಯ್ತಿ. ನನಗೆ ತಲೆ ಚಿಟ್ಟು ಹಿಡಿದಿದೆ.”

ದೋಣಿ ಕಟ್ಟುವ ದಕ್ಕೆಯ ನೆರಳಿನಲ್ಲಿ ಕೂತು ಅವಳು ತಂದ ಬುತ್ತಿ ಬಿಚ್ಚಿದರು. ಎದುರಿಗೇ ಹಾಯಿದೋಣಿ, ಪೆಂಬರ್ಟನ್ ಒಳಗೆ ಮಲಗಿದ್ದ. ದಿನವೂ ಕುಡಿಯುವ ನೀರು ತರುವವನು ಬಂದು ನಾಲ್ಕು ಡಬ್ಬಿಗಳನ್ನು ಮೇಲೇರಿಸಿದ. ಸ್ವಲ್ಪ ಹೊತ್ತಿಗೆ ಅವನ್ನು ತನ್ನ ಪುಟ್ಟ ದೋಣಿಗೆ ಇಳಿಸತೊಡಗಿದ.

ವಿನೋದಾಳ ಕೈಯ ತುತ್ತು ಅಲ್ಲೇ ನಿಂತಿತು. “ನೀರು ಅಲ್ಲಿ ಹೊಯ್ದು ಬಂದದ್ದಲ್ವಾ ಅವ?”

“ಹೌದು.”

“ಮತ್ತೆ ಖಾಲಿ ಡಬ್ಬಿ ಇಳಿಸ್ಲಿಕ್ಕೆ ಎರಡು ಕೈ ಯಾಕೆ?”

ಸುಬ್ರಾಯ ಎಂಜಲುಗೈಯಲ್ಲೇ ಓಡಿದ. ಮೂರು ಡಬ್ಬಿ ಖಾಲಿ. ನಾಲ್ಕನೆಯದರ ಮುಚ್ಚಳ ತೆಗೆದರೆ ಗಪ್ಪೆಂದು ಡೀಸೆಲ್ ವಾಸನೆ.

“ಸಾರೇ, ಅಬದ್ಧಂ ಪತ್ತಿಪ್ಪೋಯಿ,” ತಪ್ಪಾಯಿತೆಂದು ನೀರಿನವನು ಕೈಮುಗಿದು, ಸೊಂಟದಿಂದ ಟ್ಯಾಂಕಿನ ಕೀಲಿಕೈ ತೆಗೆದುಕೊಟ್ಟ.

ಗಲಾಟೆಗೆ ಪೆಂಬರ್ಟನ್ ಕಣ್ಣುಜ್ಜುತ್ತ ಮೇಲೆ ಬಂದ. “ಆ ಕೀಲಿಕೈ ಕೊಟ್ಟವನು ನಾನೇ! ದೋಣಿಯಲ್ಲಿಟ್ಟರೆ ಕಳ್ಳರ ಕೈಗೆ ಸಿಕ್ಕೀತಲ್ಲ? ಈ ಬಂದರಿನಲ್ಲಿ ನಂಬಬಹುದಾದವನು ಇವನೊಬ್ಬನೇ.”

ಸುಬ್ರಾಯನಿಗೆ ಕಿರುಚಬೇಕೆನಿಸಿತು. “ಸರ್” ಎಂದಷ್ಟೇ ಹೇಳಿ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡ.

ಹೇಳಿಕೆ, ವರದಿ, ಪೊಲೀಸರೆಂದು ಕತ್ತಲಾಯಿತು. ಗಂಡಹೆಂಡಿರು ಕಳೆಯಬೇಕಿದ್ದ ಸಂಜೆ ಮೂರು ಪ್ರತಿ ಬರೆಯುವುದರಲ್ಲಿ ಮುಗಿಯಿತು. ಒಂದನ್ನು ವಿನೋದಾಳೇ ಬರೆದುಕೊಟ್ಟಳು. ಮೇಲಧಿಕಾರಿ ಓದಿ, ದೋಣಿಗೆ ಹೊರಡಲು ಅಪ್ಪಣೆ, ಸುಬ್ರಾಯನಿಗೆ ನಾಲ್ಕು ದಿನ ರಜೆ ಒಟ್ಟಿಗೇ ಬರೆದರು.

ಭಾನುವಾರ ಬೆಳಗ್ಗೆ ಪೆಂಬರ್ಟನ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. “ಅವನನ್ನು ಹಿಡಿದು ಹಾಕಿದಿರಿ. ಇನ್ನು ನನಗೆ ನೀರು ತರುವವರು ಯಾರು?”

ಗೊಣಗುತ್ತ, ಪ್ಯಾಂಟು ಮಡಚಿ, ಸುಬ್ರಾಯನೇ ನಾಲ್ಕು ಡಬ್ಬಿ ನೀರು ಹೊತ್ತು ಹಾಕಿದ. ಹಾಯಿ ಬಿಚ್ಚಿಕೊಂಡಿತು. ವಿನೋದಾ ಕೈ ಬೀಸಿದಳು. ಸುಬ್ರಾಯ ಬೀಸಲಿಲ್ಲ, ತಿರುವನಂತಪುರದ ಬಸ್ಸಿಗೆ ಹೊತ್ತಾಗುತ್ತಿತ್ತು.