ಕೋಟೆಯ ದಾರಿ

"ಗಿರಾಕಿ ಹೇಳಿದ್ರು, ನಾಯಿಯನ್ನೂ ಅಳಿಸ್ಬೇಕಂತೆ ಹಂಝಾಕ. ದೋಣಿಯವನನ್ನು, ಆ ಸಣ್ಣ ಹುಡುಗಿಯನ್ನು ಸಹ. ಅತಿಥಿಗಳು ಕೂರುವ ಮಜ್ಲಿಸಲ್ಲಿ ತೂಗುಹಾಕ್ಲಿಕ್ಕೆ ಅಲ್ವಾ, ಜೀವ ಇರುವುದು ಒಂದೂ ಬೇಡವಂತೆ" ಎಂದು ಸುಫ್ಯಾನ್ ಚಿತ್ರವನ್ನು ಮೇಜಿನ ಮೇಲಿಟ್ಟ.

ಹಂಝ ಅದನ್ನು ನೋಡಲಿಲ್ಲ. ನೋಡದೆಯೂ ಗೊತ್ತಿತ್ತು. ಯಾವನೋ ಡಚ್ ಕಲಾವಿದ ಬರೆದ ರಾಜನ ಕೋಟೆ, ಅಚ್ಚಿನ ಪ್ರತಿ. ಮುಕ್ಕಾಲು ಪಾಲು ಮೋಡ, ಗುಡ್ಡದ ಮೇಲೆ ಬೂದು ಗೋಪುರಗಳು, ಕೆಳಗೆ ನದಿ, ನದಿಯ ಪಕ್ಕದ ದಾರಿಯಲ್ಲಿ ಉಗುರಿನಷ್ಟೇ ದೊಡ್ಡ, ಕೆಂಪು ಲಂಗದ ಹುಡುಗಿ. ತನ್ನ ದೇಶಕ್ಕೆ ಮರಳುವಾಗ ಒಬ್ಬ ಇಂಜಿನಿಯರ್ ಸೌದಿಯ ಖೋಬರಿನ ಈ ಫ್ರೇಮಿನ ಅಂಗಡಿಯಲ್ಲಿ ಬಿಟ್ಟುಹೋದದ್ದು.

ಆಗೆಲ್ಲ ದಿನಾ ಶಾಲೆ ಬಿಟ್ಟ ಮೇಲೆ ಮಗಳು ಫರ್ಝಾನಾ ಇಲ್ಲೇ, ಮರದ ಪಟ್ಟಿಗಳ ನಡುವೆ ಕೂತು ಹೋಂವರ್ಕ್ ಮಾಡುತ್ತಿದ್ದಳು.

"ಉಪ್ಪಾ, ಇದು ನಾನು. ಪ್ಯಾಲೆಸಿಗೆ ಹೋಗ್ತಾ ಇದ್ದೇನೆ."

"ಇನ್ನೂ ಮುಟ್ಲಿಲ್ವಾ ಮಾರಾಯ್ತಿ?"

"ದೂರ ಉಂಟಲ್ಲ."

ಕಳೆದ ಚಳಿಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಇಲ್ಲಿನ ಕಬರಸ್ತಾನದಲ್ಲಿ ಹೆಸರು ಬರೆಯುವ ಕ್ರಮವಿಲ್ಲ. ತಲೆಯ ಬಳಿ ಒಂದು ಬೋಳು ಕಲ್ಲು. ಸಾಲಿಗೆ ಸಾಲೇ ಒಂದೇ ಥರ. ಹೆಂಡತಿ ಆಯಿಶತ್ ಊರಿಗೆ, ಉಳ್ಳಾಲಕ್ಕೆ ಹೊರಟುಹೋದಳು. ಫೋನಿನಲ್ಲಿ ಅವಳದು ಒಂದೇ ಮಾತು: "ನೀವು ಬರುವಾಗ ಆ ಚಿತ್ರ ತನ್ನಿ. ಬೇರೆಂತದೂ ಬೇಡ."

ಅದನ್ನು ಕೋಣೆಗೆ ಒಯ್ಯಲು ಹಂಝನಿಗೆ ಧೈರ್ಯ ಬಂದಿರಲಿಲ್ಲ. ಹಳೆ ಫ್ರೇಮುಗಳ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಮಾರಾಟವಾಗದ ಸರಕೆಂದು ಸುಫ್ಯಾನ್ ಅದನ್ನೇ ಹೊರತೆಗೆದು ಗಿರಾಕಿಗೆ ತೋರಿಸಿದ್ದ.

"ಇದನ್ನು ಕೊಡುವುದು ಬೇಡ ಸುಫ್ಯಾನ್."

"ಎಂತ ಹಂಝಾಕ, ಮಾತು ಕೊಟ್ಟಾಯ್ತಲ್ಲ. ನಮಗೆ ವೀಸಾ ಕೊಟ್ಟ ಕಫೀಲನ ಅಣ್ಣ ಅವರು. ಅಸರ್ ನಮಾಜು ಮುಗಿಸಿ ಬರ್ತಾರೆ. ಮೊದಲೇ ಒಂದು ಮಾತು ಹೇಳ್ಬಾರ್ದಾ?" ಆಮೇಲೆ ಹಂಝನ ಮುಖ ನೋಡಿ ದನಿ ತಗ್ಗಿಸಿದ. "ಎಂತ ಆಯ್ತು?"

"ಎಂತ ಇಲ್ಲ."

ಸುಫ್ಯಾನ್ ಅಂಗಡಿಯ ಮುಂಭಾಗಕ್ಕೆ ಹೋದ ಮೇಲೆ ಹಂಝ ಮೊಬೈಲಿನಲ್ಲಿ ಫೋಟೋ ಹಿಡಿದ. ದೂರದಿಂದ ಹಿಡಿದರೆ ಹುಡುಗಿ ಬರೀ ಒಂದು ಕೆಂಪು ಕಲೆ. ಹತ್ತಿರ ಹೋದರೆ ಹುಡುಗಿಯೇ ಇಲ್ಲ, ಅಚ್ಚಿನ ಚುಕ್ಕೆಗಳು.

ಕುಂಚ ಎತ್ತಿಕೊಂಡ. ದೋಣಿಯವನು ನೀರಾದ. ನಾಯಿ ಹುಲ್ಲಾಯಿತು. ಹುಡುಗಿಯ ಮೇಲೂ ಹುಲ್ಲಿನ ಬಣ್ಣ ಎಳೆದ. ಲಂಗದ ಕೆಂಪು ಮುಚ್ಚಲಿಲ್ಲ. ಮತ್ತೊಮ್ಮೆ ಎಳೆದ. ಅಡಿಯಿಂದ ಮತ್ತೆ ಮೇಲೆ ಬಂತು. ಕೊನೆಗೆ ಬೂದು ಬಣ್ಣ ಕಲಸಿ ದಪ್ಪಗೆ ಹಚ್ಚಿದ, ಮೊದಲು ಲಂಗಕ್ಕೆ, ಆಮೇಲೆ ಕಾಲಿಗೆ. ಎಲ್ಲದರ ಕೊನೆಗೆ ತಲೆಗೆ.

ಅಸರ್ ಮುಗಿಸಿ ಬಂದ ಗಿರಾಕಿ ಗಾಜಿನ ಮೇಲೆ ಬೆರಳಿಟ್ಟು ಅರಬಿಯಲ್ಲಿ ಕೇಳಿದರು, "ದಾರಿಯಲ್ಲಿ ಇದೇನು?"

"ಕಲ್ಲು" ಎಂದ ಹಂಝ.

"ಚೆನ್ನಾಗಿದೆ" ಎಂದರು. ಡ್ರೈವರ್ ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಅದರ ಮೇಲೊಂದು ಬಟ್ಟೆ ಹೊದಿಸಿದ.

ಮೇಜಿನ ಮೇಲೆ ಮೊಬೈಲು ಹೊಡೆದುಕೊಳ್ಳುತ್ತಿತ್ತು. ಆಯಿಶತ್. ಹಂಝ ಕುಂಚವನ್ನು ಲೋಟದಲ್ಲಿ ಅದ್ದಿ ತಿರುವುತ್ತಲೇ ಇದ್ದ. ನೀರು ಹಸಿರಾಯಿತು, ಆಮೇಲೆ ಬೂದು. ಕೆಂಪು ಎಲ್ಲೂ ಬರಲಿಲ್ಲ.