ಡಾಕ್ಟರು ಹೇಳಿದ ಫಳಾರ

ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು 1987ರಲ್ಲಿ, ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಪಾಸಾದ ಸೊಕ್ಕು ನನ್ನ ತಲೆಗೇರದಿದ್ದರೆ ಅಪ್ಪನ ಕಾಲು ಉಳಿಯುತ್ತಿತ್ತು.

ಅಪ್ಪ ಶಿವಶರಣಪ್ಪನದು ಮಸ್ಕಿಯ ಬಜಾರಿನಲ್ಲಿ ಕಿರಾಣಿ ಅಂಗಡಿ. ಬೆಲ್ಲ ಒಡೆಯುವಾಗ ಒಂದು ಚೂರು ಬಾಯಿಗೆ, ಸಕ್ಕರೆ ತೂಗುವಾಗ ಒಂದು ಚಿಟಿಕೆ ಬಾಯಿಗೆ. ಮೂವತ್ತು ವರ್ಷ ಹೀಗೇ ನಡೆದಿತ್ತು. ಲಿಂಗಸೂಗೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ ಎಂದಷ್ಟೇ ಹೇಳಿ ಕಳಿಸಿದ್ದರು.

ಉಳಿದದ್ದನ್ನೆಲ್ಲ ಅವ್ವನೇ ಕಂಡುಕೊಂಡಳು. ಅಂಬಮ್ಮ ಎಂಬ ತನ್ನ ಹೆಸರನ್ನು ಬರೆಯಲೂ ಬಾರದ ನಮ್ಮವ್ವ. ನೀರಾವರಿ ಕಾಲುವೆ ಬಂದಮೇಲೆ ಸಿಂಧನೂರು ಕಡೆಯ ಅಕ್ಕಿ ನಮ್ಮ ಮನೆಯನ್ನೂ ಹೊಕ್ಕು, ಎರಡು ಹೊತ್ತೂ ಅನ್ನವೇ ಆಗಿಬಿಟ್ಟಿತ್ತು. ಅವಳು ಅದನ್ನು ನಿಲ್ಲಿಸಿ ಮತ್ತೆ ಜೋಳದ ರೊಟ್ಟಿ ಬಡಿಯತೊಡಗಿದಳು. ಜೊತೆಗೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಉಂಡೆದ್ದ ಮೇಲೆ ಅಪ್ಪ ಸಿಹಿಗಾಗಿ ಮಕ್ಕಳ ಹಾಗೆ ಡಬ್ಬಿಗಳ ಸುತ್ತ ಸುಳಿದಾಡುತ್ತಿದ್ದ. ಆಗ ಅವ್ವ ಜೀರಿಗೆ ಹಾಕಿದ ಮಜ್ಜಿಗೆ ಕುಡಿಸಿ ಅಂಗೈಯಲ್ಲಿ ನಾಲ್ಕು ಕಾಳು ಸೋಂಪು ಇಡುತ್ತಿದ್ದಳು.

"ಇದನ್ನ ಅಗಕೋತ ಮಲ್ಲಯ್ಯನ ಗುಡ್ಡದ ಮೆಟ್ಟಲ ತನಕ ಹೋಗಿ ಬರ್ರಿ. ಬರೂದ್ರಾಗ ಬಾಯಿ ಸುಮ್ಮನಾಗಿರತೈತಿ," ಎನ್ನುತ್ತಿದ್ದಳು.

ಅಪ್ಪ ಗೊಣಗುತ್ತ ಹೋಗುತ್ತಿದ್ದ, ಬರುವಷ್ಟರಲ್ಲಿ ಮರೆತಿರುತ್ತಿದ್ದ. ನಾಲ್ಕು ತಿಂಗಳಲ್ಲಿ ಸಕ್ಕರೆ ಇಳಿಯಿತು.

ಎರಡನೆಯ ಸಲ ಲಿಂಗಸೂಗೂರಿಗೆ ಅಪ್ಪನ ಜೊತೆ ನಾನು ಹೋದೆ. ಡಾಕ್ಟರು ಮೈಸೂರು ಕಡೆಯವರು, ಅವರ ಕನ್ನಡ ಅವ್ವನಿಗೆ ಅರ್ಧವೂ ಹಿಡಿಯುತ್ತಿರಲಿಲ್ಲ. ಅವರು ರಕ್ತ ಪರೀಕ್ಷೆಯ ಚೀಟಿ ನೋಡಿ ನಕ್ಕರು.

"ತುಂಬಾ ಚೆನ್ನಾಗಿ ಇಳಿದಿದೆ. ಹೀಗೇ ನಡೆಸಿ. ರಾತ್ರಿ ಮಾತ್ರ ಊಟ ಬೇಡ, ಫಲಾಹಾರ ಸಾಕು. ಆರು ತಿಂಗಳು ಬಿಟ್ಟು ಬನ್ನಿ."

ನಾನು ಜಾಣೆಯ ಹಾಗೆ ತಲೆಯಾಡಿಸಿದೆ. ಮನೆಗೆ ಬಂದವಳೇ ಅವ್ವನಿಗೆ ಹೇಳಿದೆ: "ರಾತ್ರಿ ರೊಟ್ಟಿ ಬ್ಯಾಡಂತ. ಫಳಾರ ಅಷ್ಟ ಕೊಡಬೇಕಂತ."

ನಮ್ಮ ಕಡೆ ಫಳಾರ ಎಂದರೆ ಯಾರಿಗೂ ಅನುಮಾನವಿಲ್ಲ. ಉರುಸಿಗೋ ದೇವರಿಗೋ ಹೋದವರು ಮನೆಮಂದಿಗೆಂದು ಪೊಟ್ಟಣ ಕಟ್ಟಿಸಿಕೊಂಡು ತರುವ ಚುರುಮುರಿ, ಪುಟಾಣಿ, ಬೆಂಡು, ಬತ್ತಾಸ, ಉತ್ತತ್ತಿ. ಬೆಂಡು ಬತ್ತಾಸ ಎರಡೂ ಬರೀ ಸಕ್ಕರೆ ಪಾಕ.

ಅವ್ವ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. "ಫಳಾರ ಅಂತ ಹೇಳಿದ್ರೇನ? ಅದರಾಗ ಬತ್ತಾಸ ಇರತಾವಲ್ಲಬೇ."

"ಡಾಕ್ಟರಿಗಿಂತ ನಿನಗ ಹೆಚ್ಚಿಗಿ ಗೊತ್ತೇನು? ಹಗುರ ಇರತೈತಿ ಅಂತ ಹೇಳ್ಯಾರ. ಬೇಕಾದ್ರ ಅಪ್ಪನ್ನ ಕೇಳು."

ಅಪ್ಪ ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ತಲೆ ಎತ್ತದೆ, "ಹೌದು, ಹಂಗ ಅಂದ್ರು," ಎಂದ.

ಅಂದಿನಿಂದ ದಿನಾ ಸಂಜೆ ಬಸ್ ನಿಲ್ದಾಣದ ಬಾಬುಸಾಬರ ಗಾಡಿಯಿಂದ ಫಳಾರ ತರುವ ಕೆಲಸ ನನ್ನದು. ಒಂದು ವಾರ ನೋಡಿ ಬಾಬುಸಾಬರೇ ಕೇಳಿದರು. "ಸಾವ್ಕಾರ್ರಿಗೆ ಸಕ್ಕರಿ ಬ್ಯಾನಿ ಐತಿ ಅಂತಿದ್ರು. ಇದನ್ನ ಯಾರು ತಿಂತಾರವ್ವಾ?"

"ಡಾಕ್ಟರ್ ಹೇಳ್ಯಾರ," ಎಂದೆ. ಆ ಎರಡು ಶಬ್ದಕ್ಕೆ ಊರಲ್ಲಿ ಎದುರು ಮಾತಾಡುವವರೇ ಇರಲಿಲ್ಲ.

ಅವ್ವ ಮಾತ್ರ ಎದುರಾಡದೆ ತನ್ನ ಕೆಲಸ ಮಾಡುತ್ತಿದ್ದಳು. ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದು ಬತ್ತಾಸಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು. ನಾನು ಅವುಗಳನ್ನು ಕಸಿದುಕೊಂಡು ಮತ್ತೆ ತಟ್ಟೆಗೆ ಹಾಕುತ್ತಿದ್ದೆ. "ಹೇಳಿದಷ್ಟು ಮಾಡಬೇ," ಎಂದು ಗದರುತ್ತಿದ್ದೆ. ಅಪ್ಪ ನಮ್ಮಿಬ್ಬರ ಜಗಳ ನೋಡುತ್ತ ಕಟುಮ್ ಎಂದು ಬತ್ತಾಸ ಕಡಿಯುತ್ತಿದ್ದ. ಸೋಂಪು ನಿಂತಿತು, ಗುಡ್ಡದ ಕಡೆಯ ನಡಿಗೆಯೂ ನಿಂತಿತು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿದ್ದರಿಂದ ಇದೆಲ್ಲ ನನ್ನದೇ ಪುಣ್ಯ ಎಂದು ಬೀಗಿದ್ದೆ.

ಐದನೆಯ ತಿಂಗಳು ಚಪ್ಪಲಿಯ ಮೊಳೆ ತಾಗಿ ಅಪ್ಪನ ಹೆಬ್ಬೆರಳು ಕೆತ್ತಿತು. ಅರಿಶಿನ ಹಚ್ಚಿದೆವು. ವಾಸಿಯಾಗಲಿಲ್ಲ. ಬೆರಳು ಕಪ್ಪಾಯಿತು, ನಾತ ಬಂತು. ಮೂವರೂ ಬಸ್ಸು ಹತ್ತಿ ಲಿಂಗಸೂಗೂರಿಗೆ ಹೋದೆವು.

ಡಾಕ್ಟರು ಕಾಲು ನೋಡಿ, ರಕ್ತ ಪರೀಕ್ಷೆಯ ಚೀಟಿ ನೋಡಿ ದಂಗಾದರು. "ರಾತ್ರಿ ಏನು ಕೊಡುತ್ತಿದ್ದಿರಿ?"

"ನೀವು ಹೇಳಿದಂಗ ಫಳಾರ್ರಿ," ಎಂದೆ.

"ಅಷ್ಟೇನಾ?"

"ಅಷ್ಟರಿ. ಒಂದು ದಿನಾನೂ ತಪ್ಪಿಸಿಲ್ರಿ."

ಅವರು ಮತ್ತೆ ಚೀಟಿ ನೋಡಿದರು. ಅವರಿಗೂ ಬಗೆಹರಿಯಲಿಲ್ಲ. ಆಗ ಅವ್ವ ಚೀಲಕ್ಕೆ ಕೈ ಹಾಕಿ, ರಾತ್ರಿಗೆಂದು ಕಟ್ಟಿಕೊಂಡು ಬಂದಿದ್ದ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದಳು.

"ಇದು ನಡೀತೈತೇನ್ರಿ, ಸಾಹೇಬ್ರ? ಬತ್ತಾಸ ಅದಾವ ಇದರಾಗ. ನನಗ ಮೊದಲಿಂದ ಸಂಶೇನ ಐತ್ರಿ."

"ಏನಮ್ಮ ಇದು?"

"ಫಳಾರ್ರಿ."

ಡಾಕ್ಟರು ಕನ್ನಡಕ ತೆಗೆದು ಕೆಳಗಿಟ್ಟರು. "ನಾನು ಹೇಳಿದ್ದು ಹಣ್ಣಮ್ಮ. ಒಂದು ಹಣ್ಣು ತಿಂದು ಮಲಗಲಿ ಅಂತ."

ಫಲ ಕೂಡಿಸು ಆಹಾರ, ಫಲಾಹಾರ, ಸವರ್ಣದೀರ್ಘ ಸಂಧಿ. ಪರೀಕ್ಷೆಯಲ್ಲಿ ಇದನ್ನು ಬಿಡಿಸಿ ಬರೆದು ಅಂಕ ಪಡೆದವಳು ನಾನು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅವ್ವ ನನ್ನ ಕಡೆ ನೋಡಲಿಲ್ಲ. ಪೊಟ್ಟಣವನ್ನು ಮತ್ತೆ ಮಡಚಿ ದಾರ ಸುತ್ತಿ ಚೀಲಕ್ಕೆ ಹಾಕಿದಳು.

ರಾಯಚೂರಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಮನೆಗೆ ಬಂದು ಹದಿನೈದು ದಿನವಾದರೂ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪನೇ ಅವಳನ್ನು ಕರೆದು ಕೂಡಿಸಿಕೊಂಡ.

"ಆಕಿ ಮ್ಯಾಲೆ ಯಾಕ ಸಿಟ್ಟು ಮಾಡತಿ? ನನಗ ಅವತ್ತ ಗೊತ್ತಿತ್ತು. ಮಠದ ಅಜ್ಜಾರು ಫಲಾಹಾರದ ಮ್ಯಾಲೆ ಇದ್ದಾಗ ಬಾಳೆಹಣ್ಣು, ಪೇರಲಹಣ್ಣು ಹೊತ್ತು ಹಾಕಿದಾವ ನಾನ ಅಲ್ಲೇನು? ಹುಡುಗಿ ತಪ್ಪು ತಿಳಕೊಂಡ್ಲು, ನನಗ ಬಾಯಿ ಕಟ್ಟಾಕ ಆಗಲಿಲ್ಲ. ಸುಮ್ಮನ ಕುಂತೆ."

ಅವ್ವ ಕೇಳಿದಳು: "ನಾ ದಿನಾ ಆರಿಸಿ ತೆಗೀತಿದ್ನಲ್ರಿ. ಅದನ್ನ ನೋಡಿಕೋತ ಕುಂತ್ರ್ಯಾ?"

ಅಪ್ಪ ಗೋಡೆಯ ಕಡೆ ತಿರುಗಿದ.

ಬಾಗಿಲ ಹಿಂದೆ ನಿಂತಿದ್ದ ನನಗೆ ಮೊದಲು ಬಂದದ್ದು ನಿರಾಳ. ತಪ್ಪು ನನ್ನೊಬ್ಬಳದಲ್ಲ ಎಂಬ ನಿರಾಳ. ಅದರ ಹಿಂದೆಯೇ ಅಪ್ಪನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೇ ಅಸಹ್ಯವಾಯಿತು. ನನ್ನನ್ನು ಉಳಿಸಲು ಸುಳ್ಳು ಹೇಳಿದನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಮಠಕ್ಕೆ ಅವನ ಜೊತೆ ಹಣ್ಣಿನ ಬುಟ್ಟಿ ಹಿಡಿದು ಹೋದವಳು ನಾನೇ. ಅವನಿಗೆ ಗೊತ್ತಿತ್ತು.

ಅವ್ವ ಮತ್ತೆ ರೊಟ್ಟಿ, ಸೊಪ್ಪು, ಮಜ್ಜಿಗೆ, ಸೋಂಪು ಶುರು ಮಾಡಿದಳು. ಅಪ್ಪ ಗೊಣಗದೆ ಉಣ್ಣುತ್ತಿದ್ದ. ಗುಡ್ಡದ ಮೆಟ್ಟಿಲಿನ ತನಕ ಹೋಗಿ ಬನ್ನಿ ಎಂದು ಹೇಳುವ ಹಾಗಿರಲಿಲ್ಲ. ಎರಡು ವರ್ಷ ಇದ್ದು, ತೊಂಬತ್ತರ ಬೇಸಿಗೆಯಲ್ಲಿ ಹೋದ.

ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವ ದಿನ ಬಾಬುಸಾಬರು ಒಂದು ಪೊಟ್ಟಣ ತಂದುಕೊಟ್ಟರು. ಅವ್ವ ಅದನ್ನು ನನ್ನ ಕಡೆ ಚಾಚಿದಳು.

"ನೀನ ಇಡು. ನಿನ್ನ ಕೈಯಾಗಿಂದು ತಿಂದಷ್ಟು ಖುಷಿಲೆ ಅವರು ನನ್ನ ಕೈಯಾಗಿಂದು ಏನೂ ತಿನ್ನಲಿಲ್ಲ."

ನಾನು ಪೊಟ್ಟಣ ಬಿಚ್ಚಿ ಬಾಳೆ ಎಲೆಯ ಮೇಲೆ ಸುರಿದೆ. ಸುರಿದದ್ದೇ ತಡ, ಅವ್ವನ ಕೈ ತಾನಾಗಿ ಮುಂದೆ ಬಂದು ಬತ್ತಾಸಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿತು. ಈ ಸಲ ನಾನು ತಡೆಯಲಿಲ್ಲ.