ಬೆನ್ನಿಗೆ ಗೊತ್ತಿದ್ದ ಕಾರು

ಹಳೆಯ ಕಾರಿಗೆ ಟಾರ್ಕ್ ಕನ್ವರ್ಟರ್ ಎಂಬ ಬಿಡಿಭಾಗವನ್ನು ಹೊಸದಾಗಿ ಆರಿಸುವ ಪ್ರಸಂಗ ಬಂದಾಗ ಬೈಂಡರ್ ಯಜಮಾನರು ನಂಬಿದ್ದು ತಮ್ಮ ಬೆನ್ನೊಂದನ್ನೇ. ಅವರು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿದವರಲ್ಲ. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದರಲ್ಲೇ ಅವರ ಆಯುಷ್ಯ ಸವೆದಿತ್ತು. ಕಾರು ಓಡಿಸುವುದು ಹೆಂಡತಿಯ ಪಾಲಿನ ಕೆಲಸ. ಯಾರು ಯಾರದೋ ಕೈದಾಟಿ ಬಂದಿದ್ದ ಆ ಆಟೋಮ್ಯಾಟಿಕ್ ಕಾರನ್ನು ಆಕೆ ಹಠ ಹಿಡಿದು ಕೊಂಡಳು. ಯಜಮಾನರು ಪಕ್ಕದ ಸೀಟಿನಲ್ಲಿ ಕೂತರು. ಅಲ್ಲೇ ಕೂತು ಮುದುಕರಾದರು.

ಹೋದ ವರ್ಷ ಆಕೆ ತೀರಿಕೊಂಡಳು. ಕಾರು ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿತು. ಎಷ್ಟೋ ತಿಂಗಳ ಮೇಲೆ ಯಜಮಾನರು ನಾದಿನಿಯನ್ನು ಕರೆದು, "ಪುಟ್ಟಿ, ಒಂದು ಸುತ್ತು ಹೋಗಿಬರೋಣ ಬಾ" ಎಂದರು. ನಾದಿನಿಗೆ ತಲೆ ನರೆತು ಮೊಮ್ಮಕ್ಕಳಾಗಿದ್ದರೂ ಭಾವನ ಬಾಯಲ್ಲಿ ಇನ್ನೂ ಪುಟ್ಟಿಯೇ. ಅವಳು ಬಂದು ಕೂತು ಗೇರಿಗೆ ಹಾಕಿದಳು. ಇಂಜಿನ್ ಊರಿಗೆಲ್ಲ ಕೇಳುವ ಹಾಗೆ ಅರಚಿತು. ಕಾರು ಒಂದಂಗುಲ ಕದಲಲಿಲ್ಲ.

ಯಜಮಾನರಿಗೆ ಸುತ್ತು ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಹೊರಡುವ ಆ ಗಳಿಗೆ. ಹೆಂಡತಿ ಗೇರಿಗೆ ಹಾಕಿದೊಡನೆ ಅವರು ಕಣ್ಣು ಮುಚ್ಚಿ ಕೈಜೋಡಿಸುತ್ತಿದ್ದರು. ತರಕಾರಿ ಅಂಗಡಿಗೇ ಹೊರಟರೂ ಸರಿ, ದೇವರನ್ನು ನೆನೆಯದೆ ಅವರು ಮನೆ ಬಿಟ್ಟವರಲ್ಲ. ಅಷ್ಟರಲ್ಲಿ ಇಂಜಿನ್ನಿನ ದನಿ ಮೆಲ್ಲಗೆ ಮೇಲೇರುತ್ತಿತ್ತು. ಕಾರು ಮಾತ್ರ ನಿಂತಲ್ಲೇ ನಿಂತು, ಉಸಿರು ಬಿಗಿಹಿಡಿದು, ಮೈಯೆಲ್ಲ ತುಸು ನಡುಗುತ್ತಿತ್ತು. ಪ್ರಾರ್ಥನೆಯ ಕೊನೆಯ ಮಾತು ತುಟಿಯಿಂದ ಜಾರುವುದಕ್ಕೂ ಸೀಟು ಬಂದು ಬೆನ್ನನ್ನು ತಬ್ಬಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ದೇವರು ಅಪ್ಪಣೆ ಕೊಟ್ಟ, ಗಾಡಿ ಹೊರಟಿತು ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

ಆಕೆಯ ಬಟ್ಟೆಗಳನ್ನು ಹಂಚಿಯಾಗಿತ್ತು. ದಿಂಬಿನಲ್ಲಿದ್ದ ಎಣ್ಣೆಯ ವಾಸನೆ ಯಾರೋ ಒಳ್ಳೆಯ ಮನಸ್ಸಿನಿಂದ ಒಗೆದು ಹಾಕಿದಾಗ ಹೋಯಿತು. ಉಳಿದದ್ದು ಆ ಗಳಿಗೆ ಒಂದೇ. ಅದು ಕಾರಿನ ಹೊಟ್ಟೆಯೊಳಗೆ ಎಲ್ಲೋ ಇದೆ, ಕಾರು ಸರಿಯಾದರೆ ತಿರುಗಿ ಸಿಕ್ಕೀತು ಎಂಬ ಆಸೆಯಿಂದ ಅವರು ಅದನ್ನು ಗೇರ್‌ಬಾಕ್ಸ್ ಮೇಸ್ತ್ರಿಯ ವರ್ಕ್‌ಶಾಪಿಗೆ ಎಳೆಸಿದರು.

ಮೇಸ್ತ್ರಿ ಮಾತಿನ ಮಲ್ಲ. ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಯಜಮಾನರೂ ನಾದಿನಿಯೂ ಹೋಗುವಷ್ಟರಲ್ಲಿ ಗೇರ್‌ಬಾಕ್ಸ್ ಇಳಿಸಿ, ಅದಕ್ಕೂ ಇಂಜಿನ್ನಿಗೂ ನಡುವೆ ಇರುವ ಕನ್ವರ್ಟರನ್ನು ಬೆಂಚಿನ ಮೇಲೆ ಇಟ್ಟಿದ್ದ. ದುಂಡಗೆ, ಭಾರವಾಗಿ, ಚಪ್ಪಟೆ ಕುಂಬಳಕಾಯಿಯ ಹಾಗಿತ್ತು. ಅದರ ಮೈ ಅಲ್ಲಲ್ಲಿ ನೀಲಿಗಟ್ಟಿತ್ತು. ಸುಟ್ಟ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು.

"ಯಜಮಾನ್ರೇ, ಎರಡು ಟೇಬಲ್ ಫ್ಯಾನು ಎದುರುಬದುರು ಇಟ್ಟು ಒಂದನ್ನ ಹಾಕಿದ್ರೆ, ಆ ಗಾಳಿಗೆ ಇನ್ನೊಂದೂ ತಿರುಗತ್ತೆ, ಅಲ್ವಾ? ಈ ಕುಂಬಳಕಾಯಿ ಒಳಗೂ ಅಷ್ಟೇ. ಗಾಳಿ ಬದಲು ಎಣ್ಣೆ. ಈ ಕಡೆಯವನು ಇಂಜಿನ್ನು, ಆ ಕಡೆಯವನು ಗೇರ್‌ಬಾಕ್ಸು. ಒಬ್ಬರನ್ನೊಬ್ಬರು ಮುಟ್ಟೋದೇ ಇಲ್ಲ. ಆದ್ರೂ ಇವನು ತಿರುಗಿದ್ರೆ ಅವನು ತಿರುಗಲೇಬೇಕು."

"ಸಂಸಾರ ಅನ್ನಿ ಮತ್ತೆ," ಎಂದಳು ನಾದಿನಿ.

"ಸರಿಯಾಗಿ ಹೇಳಿದ್ರಿ ಅಮ್ಮ. ಈ ಸಂಸಾರದಲ್ಲಿ ರೆಕ್ಕೆ ಮುರಿದುಹೋಗಿದೆ. ಬೇರೆ ಹಾಕಬೇಕು." ಅವನು ಬಟ್ಟೆ ಸರಿಸಿ ಇನ್ನೆರಡು ಕನ್ವರ್ಟರುಗಳನ್ನು ತೋರಿಸಿದ. "ಇದು ಬಿಗಿ. ಕಂಪನಿಯವರು ಈ ಕಾರಿಗೆ ಅಂತ ಇಟ್ಟ ಅಳತೆ. ಬ್ರೇಕಿಂದ ಕಾಲು ತೆಗೆದ್ರೆ ಸಾಕು, ಹೊರಟಿತು. ಇದು ಸಡಿಲ. ಇಂಜಿನ್ನು ಒಂದಷ್ಟು ಕೂಗಿದ ಮೇಲೇ ಗಾಡಿ ಮೇಲೇಳೋದು. ರೇಸ್ ಹುಚ್ಚಿನವರು ಹಾಕಿಸ್ತಾರೆ. ಎಣ್ಣೆ ಬೇಗ ಕಾಯತ್ತೆ. ನಿಮ್ಮ ಹಳೇದು ಯಾವ ಅಳತೇದೋ, ಗುರುತೆಲ್ಲ ಸುಟ್ಟು ಅಳಿಸಿಹೋಗಿದೆ. ಮೊದಲು ಗಾಡಿ ಹೇಗೆ ಹೊರಡ್ತಿತ್ತು, ಹೇಳಿ."

ಯಜಮಾನರು ಅಲ್ಲಿದ್ದ ಮುರುಕು ಸೀಟಿನ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಹೇಳಿದರು. ದನಿ ಏರುವುದು, ಕಾರು ಉಸಿರು ಹಿಡಿಯುವುದು, ಸೀಟು ಬಂದು ತಬ್ಬುವುದು. ಮೇಸ್ತ್ರಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೇಳಿದ್ದು ಅದೇ ಮೊದಲಿರಬೇಕು.

"ಹಾಗಿದ್ರೆ ನಿಮ್ಮದು ಸಡಿಲದ್ದೇ. ಹಿಂದಿನ ಯಾವನೋ ಶೋಕಿವಾಲ ಹಾಕಿಸಿದ್ದಾನೆ," ಎಂದ.

"ಅದನ್ನೇ ಹಾಕಪ್ಪ," ಎಂದರು ಯಜಮಾನರು. ಆ ರಾತ್ರಿ ಅವರಿಗೆ ಮದುವೆ ಗೊತ್ತಾದ ಹುಡುಗನ ಹಾಗೆ ನಿದ್ದೆ ಬರಲಿಲ್ಲ.

ಕಾರು ಸಿದ್ಧವಾಯಿತೆಂದು ಹೇಳಿಕಳಿಸಿದ ದಿನ ಯಜಮಾನರು ಒಗೆದ ಅಂಗಿ ತೊಟ್ಟು ಬಂದರು. ನಾದಿನಿ ಸ್ಟೀರಿಂಗ್ ಹಿಡಿದಳು, ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಕೂತ. ಅವರು ಕಣ್ಣು ಮುಚ್ಚಿ ಕೈಜೋಡಿಸಿದರು. ಅವರ ಪ್ರಾರ್ಥನೆ ಮುಗಿದದ್ದನ್ನು ನೋಡಿ ನಾದಿನಿ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಕೂಗಿತು. ಕಾರು ಕೂಗಿನ ಜೊತೆಗೇ ಒದ್ದೆ ನೆಲದ ಮೇಲೆ ಜಾರಿದಂತೆ ಜಾರುತ್ತ ಮುಂದಕ್ಕೆ ಹೋಯಿತು. ಹಿಡಿದ ಉಸಿರು ಇಲ್ಲ, ತಬ್ಬುವುದೂ ಇಲ್ಲ.

"ಇದಲ್ಲ," ಎಂದರು ಯಜಮಾನರು.

"ಕಾರು ಓಡ್ತಿದೆಯಲ್ಲ ಭಾವ! ಇನ್ನೇನು, ಹಾರಬೇಕಾ?"

"ಇದಲ್ಲ ಪುಟ್ಟಿ. ಮೇಸ್ತ್ರಿ, ಇದಕ್ಕಿಂತ ಸಡಿಲದ್ದು ಇದೆಯೇನಪ್ಪ?"

ಮೇಸ್ತ್ರಿಗೆ ರೋಷ ಬಂತು. "ಇದಕ್ಕಿಂತ ಸಡಿಲ ಹಾಕಿದ್ರೆ ಇಂಜಿನ್ನು ಇಲ್ಲಿರತ್ತೆ, ಗಾಡಿ ಅಲ್ಲಿರತ್ತೆ! ಇಳೀರಿ ಅಮ್ಮ. ಇದು ಎಷ್ಟಕ್ಕೆ ಹಿಡಿಯತ್ತೆ ಅಂತ ನಾನೇ ಅಳೆದು ನೋಡ್ತೀನಿ."

ನಾದಿನಿ ಹಿಂದಿನ ಸೀಟಿಗೆ ಹೋದಳು. ಮೇಸ್ತ್ರಿ ಚಪ್ಪಲಿ ಕಳಚಿ ಕೂತು, ಎಡಗಾಲಿನಿಂದ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿದ. ಬಲಗಾಲಿನಿಂದ ಆಕ್ಸಿಲರೇಟರ್ ಒತ್ತಿದ. ಗಾಡಿಯನ್ನು ಕದಲಗೊಡದೆ ಇಂಜಿನ್ ಎಷ್ಟು ಮೇಲೇರುತ್ತದೆ ಎಂದು ಮೀಟರಿನ ಮುಳ್ಳು ನೋಡುವುದು ಮೇಸ್ತ್ರಿಗಳ ಕಸುಬಿನ ಪರೀಕ್ಷೆ. ಪಕ್ಕಕ್ಕೆ ತಿರುಗಿದರೆ ಯಜಮಾನರು ಆಗಲೇ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದರು. ಮೇಸ್ತ್ರಿ ದೇವರ ಗೊಡವೆಗೆ ಹೋದವನಲ್ಲ. ಆದರೂ ಕೈಮುಗಿದ ಹಿರಿಯರನ್ನು ಕುಲುಕಲು ಅವನಿಗೆ ಮನಸ್ಸು ಬರಲಿಲ್ಲ. ತುಟಿಯ ಅಲುಗಾಟ ನಿಲ್ಲುವವರೆಗೆ ಹಾಗೇ ಹಿಡಿದಿದ್ದು, ನಿಂತ ಕೂಡಲೇ ಬ್ರೇಕ್ ಬಿಟ್ಟ.

ಸೀಟು ಬಂದು ಬೆನ್ನನ್ನು ತಬ್ಬಿಕೊಂಡಿತು.

"ಇದೇ!" ಯಜಮಾನರು ಕಣ್ಣು ತೆರೆದರು. "ಇದೇ ಮೇಸ್ತ್ರಿ, ಇದೇ! ಏನು ಮಾಡಿದೆ?"

ಮೇಸ್ತ್ರಿ ಅಂಗಳದ ತುದಿಯಲ್ಲಿ ಕಾರು ನಿಲ್ಲಿಸಿ ಅವರ ಮುಖವನ್ನೇ ನೋಡಿದ. "ಗಾಡಿ ಮಾಡಿದ್ದಲ್ಲ ಯಜಮಾನ್ರೇ. ನಾನು ಮಾಡಿದ್ದು. ಒಂದು ಕಾಲಲ್ಲಿ ಹಿಡಿದು ಒಂದು ಕಾಲಲ್ಲಿ ಒತ್ತಿದೆ. ಹೀಗೆ ಮಾಡಿದ್ರೆ ಯಾವ ಕನ್ವರ್ಟರ್ ಆದ್ರೂ ಹೀಗೇ ಹೊರಡತ್ತೆ, ಬಿಗೀದೂ ಅಷ್ಟೇ." ಅವನ ದನಿ ತಗ್ಗಿತು. "ದಿನಾ ಹೀಗೆ ಮಾಡಿದ್ರೆ ಒಳಗಿನ ಎಣ್ಣೆ ಕುದ್ದು ಕುದ್ದು ಇದರ ಮೈ ನೀಲಿ ತಿರುಗತ್ತೆ. ನಿಮ್ಮ ಹಳೇದು ಸುಟ್ಟಿದ್ದು ಹೇಗೆ ಅಂತ ಈಗ ಗೊತ್ತಾಯ್ತು."

"ಏಯ್, ಯಾರ ಬಗ್ಗೆ ಮಾತಾಡ್ತಿದ್ದೀಯ ಅನ್ನೋ ಎಚ್ಚರ ಇರಲಿ," ಎಂದರು ಯಜಮಾನರು. ಅವರು ಯಾರನ್ನೂ ಗದರಿಸಿದವರಲ್ಲ. "ನನ್ನವಳು ಒಂದು ಹಾಲಿನ ಪಾತ್ರೆ ತಳ ಹಿಡಿಸಿದವಳಲ್ಲ. ಗಾಡಿ ಸುಡ್ತಾಳಾ?"

ಹಿಂದಿನ ಸೀಟಿನಲ್ಲಿ ನಾದಿನಿ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು, ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ಸುಟ್ಟಳು ಭಾವ. ಅಕ್ಕ ಓಡಿಸ್ತಿದ್ದಿದ್ದೇ ಹಾಗೆ. ಒಂದು ಕಾಲು ಸಾಕು ಕಣೇ ಅಕ್ಕ ಅಂತ ನಾನೂ ಎಷ್ಟೋ ಸಲ ಹೇಳಿದ್ದೆ. 'ಪೆಡಲ್ಲು ಎರಡು, ದೇವರು ಕೊಟ್ಟ ಕಾಲೂ ಎರಡು. ಒಂದು ಯಾಕೆ ಸುಮ್ನೆ ಕೂತು ತಿನ್ನಬೇಕು?' ಅಂದುಬಿಟ್ಟಳು."

"ನನಗೆ ಕಾಣಲೇ ಇಲ್ಲವಲ್ಲ!"

"ನೀವು ಕಣ್ಣು ಮುಚ್ಚಿರ್ತಿದ್ರಿ. ಅವಳ ಸ್ವಭಾವ ನಿಮಗೆ ಗೊತ್ತಲ್ಲ, ಹೊರಡಬೇಕು ಅಂದ್ರೆ ಹೊರಟುಬಿಡಬೇಕು. ಕಾಲು ಸುಮ್ನಿರ್ತಿರ್ಲಿಲ್ಲ, ಒತ್ತೋಳು. ಆದರೆ ಬ್ರೇಕ್ ಬಿಡೋಳಲ್ಲ. ಹಿಡಿದುಕೊಂಡು ನಿಮ್ಮ ತುಟೀನೇ ನೋಡ್ತಾ ಕೂತಿರೋಳು. ನಾನು ಹಿಂದಿಂದ ಕಿಸಕ್ ಅಂದ್ರೆ, 'ಶ್! ನಿಮ್ಮ ಭಾವ ದೇವರ ಹತ್ರ ಮಾತಾಡ್ತಿದ್ದಾರೆ, ಅಲುಗಾಡಿಸಬಾರದು' ಅಂತ ಕಣ್ಣು ಬಿಡೋಳು."

ಇಂಜಿನ್ ತನ್ನ ಪಾಡಿಗೆ ತಾನು ಗುನುಗುತ್ತಿತ್ತು. ಯಜಮಾನರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಅಪ್ಪಣೆ ಕೊಟ್ಟವನು ದೇವರಲ್ಲ ಎಂದು ಅವರಿಗೆ ಈಗಲೂ ಅನ್ನಿಸಲಿಲ್ಲ. ಅವನು ಅದನ್ನು ಆಕೆಯ ಕಾಲಿನ ಮೂಲಕ ಕೊಡಿಸುತ್ತಿದ್ದ; ಅಷ್ಟು ಹತ್ತಿರದಿಂದ ಬರುತ್ತಿದ್ದದ್ದು ಅವರಿಗೆ ತಿಳಿದಿರಲಿಲ್ಲ.

ಮೇಸ್ತ್ರಿ ಮೆಲ್ಲಗೆ ಕೇಳಿದ: "ಈಗ ಏನು ಮಾಡೋಣ ಯಜಮಾನ್ರೇ? ಬಿಗೀದು ಇನ್ನೂ ಬೆಂಚಿನ ಮೇಲೇ ಇದೆ. ಇದೇ ಇರಲಿ ಅಂದ್ರೆ ಇದೇ ಇರಲಿ."

"ಯಾವುದಾದ್ರೂ ಹಾಕಿ," ಎಂದು ನಾದಿನಿ ಮುಂದಕ್ಕೆ ಬಾಗಿದಳು. "ನಾನೂ ಎರಡು ಕಾಲು ಹಾಕ್ತೀನಿ ಭಾವ. ಅದೇನು ಮಹಾ ವಿದ್ಯೆಯಾ? ಅಕ್ಕ ಮಾಡ್ತಿದ್ದ ಹಾಗೇ ಮಾಡ್ತೀನಿ. ಸುಟ್ಟರೆ ಮೇಸ್ತ್ರಿ ಇದ್ದಾರೆ."

ಹೂಂ ಎಂಬ ಮಾತು ಯಜಮಾನರ ನಾಲಗೆಯ ತುದಿಗೆ ಬಂದಿತ್ತು. ಬೇಕೆಂದಾಗಲೆಲ್ಲ ಆ ಗಳಿಗೆ ಸಿಗುತ್ತದೆ, ಕಣ್ಣು ಮುಚ್ಚಿದರಾಯಿತು. ಅವರು ಅಂಗಳದ ಗೋಡೆಯನ್ನೂ ಅದಕ್ಕೆ ಒರಗಿಸಿದ್ದ ಸವೆದ ಟಯರುಗಳನ್ನೂ ಬಹಳ ಹೊತ್ತು ನೋಡುತ್ತ ಕೂತರು.

"ಬೇಡ ಪುಟ್ಟಿ," ಎಂದರು ಕೊನೆಗೆ. "ನೀನು ಚೆನ್ನಾಗೇ ಮಾಡ್ತೀಯ. ಅದೇ ನನಗೆ ಭಯ. ಕಣ್ಣು ಮುಚ್ಚಿದಾಗ ಅವಳಿರ್ತಾಳೆ, ತೆಗೆದಾಗ ನೀನಿರ್ತೀಯ. ಒಂದು ಸಲ ಅವಳನ್ನ ಕಳಿಸಿಕೊಟ್ಟು ಬಂದಿದ್ದೀನಿ. ಹೊರಟಾಗಲೆಲ್ಲ ಕಳಿಸಿಕೊಡೋ ಶಕ್ತಿ ನನಗಿಲ್ಲಮ್ಮ." ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ಬಿಗೀದೇ ಹಾಕಪ್ಪ. ಮತ್ತೆ ಇಳಿಸಿ ಏರಿಸೋ ಕೆಲಸ ನಿನಗೆ. ಆಗಲೇ ಗದರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ."

"ಗದರಿಸಿದ್ರಾ? ನನ್ನ ಹೆಂಡತಿ ಪ್ರೀತಿಯಿಂದ ಮಾತಾಡೋದೇ ಹಾಗೆ," ಎಂದ ಮೇಸ್ತ್ರಿ.

ಕಾರು ಮನೆಗೆ ಬರುವ ದಿನ ಯಜಮಾನರು ಬಾಗಿಲಿನ ಹಿಡಿ ಹಿಡಿದು ಹೊರಗೆ ನಿಂತೇ ಪ್ರಾರ್ಥನೆ ಮುಗಿಸಿದರು. ಒಳಗೆ ಕೂತ ಮೇಲೆ ಕಣ್ಣು ಮುಚ್ಚಲಿಲ್ಲ. ನಾದಿನಿ ಗೇರಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದಳು. ಇಂಜಿನ್ ದನಿ ಏರಿಸಲೂ ಇಲ್ಲ; ಕಾರು ತಾನಾಗಿ, ಸದ್ದಿಲ್ಲದೆ, ಮುಂದಕ್ಕೆ ತೆವಳಿತು. ವರ್ಕ್‌ಶಾಪಿನ ಬಾಗಿಲು, ಎಣ್ಣೆಯ ಡ್ರಮ್ಮು, ಕೈಯೆತ್ತಿದ ಮೇಸ್ತ್ರಿ ಒಂದೊಂದಾಗಿ ಹಿಂದೆ ಸರಿದವು.

ಅವರು ನಾದಿನಿಯ ಮುಖವನ್ನು ನೋಡಿದರು. ಅವಳು ಕೆಳತುಟಿ ಕಚ್ಚಿ, ಒಮ್ಮೆ ಕನ್ನಡಿ, ಒಮ್ಮೆ ರಸ್ತೆ ನೋಡುತ್ತಿದ್ದಳು. ಹೊರಡುವಾಗ ಗಾಡಿ ಓಡಿಸುವವರ ಮುಖ ಹೀಗಿರುತ್ತದೆಂದು ಅವರಿಗೆ ಇದುವರೆಗೆ ಗೊತ್ತಿರಲಿಲ್ಲ. ಹೆಂಡತಿಯದು ಹೇಗಿತ್ತು ಎಂದು ನೆನೆಯಲು ನೋಡಿದರು. ಸಿಟ್ಟಿನ ಮುಖ ಬಂತು, ಅಡುಗೆಮನೆಯ ಬೆವರಿನ ಮುಖ ಬಂತು, ಆಸ್ಪತ್ರೆಯ ಮುಖವೂ ಬಂತು. ತಮ್ಮ ತುಟಿಯನ್ನೇ ನೋಡುತ್ತ ಕಾಯುತ್ತಿದ್ದ ಆ ಮುಖ ಮಾತ್ರ ಬರಲಿಲ್ಲ. ಅದನ್ನು ಅವರು ಒಂದು ಸಲವೂ ನೋಡಿರಲಿಲ್ಲ.

ಮುಖ್ಯರಸ್ತೆಗೆ ಬಂದ ಮೇಲೆ ನಾದಿನಿ ಕೇಳಿದಳು: "ಏನು ಭಾವ, ಸರಿಯಿದೆಯಾ ಈಗ?"

"ಸರಿಯಿದೆ ಪುಟ್ಟಿ," ಎಂದರು ಅವರು. "ಸ್ವಲ್ಪ ಬೇಗ ಹೊರಡತ್ತೆ, ಅಷ್ಟೆ."